ಕಲ್ಲಿಗೂ ಒಂದು ತವರು

ನಮ್ಮೂರಿನಲ್ಲಿ ಹುಳಿ ಎಂದರೆ ಯಾರೂ ಮೂಗು ಮುರಿಯುವುದಿಲ್ಲ. ಬೇರೆ ಊರುಗಳಲ್ಲಿ ಹಾಲು ಹುಳಿದರೆ ಹೆಂಗಸರು ಹಣೆ ಬಡಿದುಕೊಳ್ಳುತ್ತಾರಂತೆ, ಗಂಜಿ ಹುಳಿದರೆ ದನದ ಕಲಗಚ್ಚಿನ ಬಾನಿಗೆ ಸುರಿಯುತ್ತಾರಂತೆ. ನಮ್ಮಲ್ಲಿ ಹುಳಿದದ್ದೇ ಬದುಕು. ಊರ ಮೂಡಲಿಗೆ ಹುಳಿಮನೆ ಇದೆ. ಅಲ್ಲಿ ಸಾಲಾಗಿ ಕಟ್ಟಿದ ತೊಟ್ಟಿಗಳಲ್ಲಿ ಬೆಲ್ಲದ ನೀರು, ಜೋಳದ ಗಂಜಿ ತುಂಬಿ, ಹಳೆಯ ಹುಳಿಯನ್ನು ಒಂದು ಬೋಗುಣಿ ಹೆಪ್ಪು ಹಾಕಿ, ಗೋಣಿ ಹೊದಿಸಿ ಬಿಡುತ್ತಾರೆ. ಅದು ಬುಳುಬುಳು ಎನ್ನುತ್ತ, ತನ್ನಷ್ಟಕ್ಕೆ ಗೊಣಗುತ್ತ ಹುಳಿಯುತ್ತದೆ. ಹುಳಿದ ನೀರನ್ನು ಸೋಸಿ, ಕುದಿಸಿ, ಕಲ್ಲಿನ ಮೇಲೆ ಹಾಯಿಸಿದರೆ ಅದು ಹುಳಿಯಾಗಿ ಉಳಿಯುವುದಿಲ್ಲ. ಒಂದು ಕಲ್ಲಿನ ಮೇಲೆ ಹಾಯ್ದರೆ ಅಂಟಾಗುತ್ತದೆ, ಇನ್ನೊಂದರ ಮೇಲೆ ಹಾಯ್ದರೆ ಬಣ್ಣ ಕರಗಿಸುವ ನೀರಾಗುತ್ತದೆ, ಹೊನ್ನವ್ವನ ಮೇಲೆ ಹಾಯ್ದರೆ ನೂಲಾಗುತ್ತದೆ. ಗಾಯ ಹೊಲಿಯುವ ನೂಲು. ಹೊಲಿದು ಬಿಟ್ಟರೆ ಸಾಕು, ಗಾಯ ಕೂಡಿಕೊಂಡ ಮೇಲೆ ಅದು ಮೈಯಲ್ಲೇ ಕರಗಿಹೋಗುತ್ತದೆ. ನಮ್ಮ ಆಸ್ಪತ್ರೆಯ ಡಾಕ್ಟರಮ್ಮ ಆ ನೂಲಿಲ್ಲದೆ ಕತ್ತರಿ ಕೈಗೆತ್ತಿಕೊಳ್ಳುವುದಿಲ್ಲ.

ಹೊನ್ನವ್ವ ಎಂದರೆ ಹೆಂಗಸಲ್ಲ, ಆ ಕಲ್ಲಿನ ಹೆಸರು. ತೆಂಗಿನಕಾಯಿಗಿಂತ ತುಸು ದೊಡ್ಡದು, ಬೂದು ಬಣ್ಣ, ಮೈತುಂಬ ಸಣ್ಣ ಸಣ್ಣ ತೂತು. ಎಷ್ಟು ಹುಳಿ ಹಾಯಿಸಿದರೂ ಅವಳು ಗುಲಗಂಜಿಯಷ್ಟೂ ಸವೆಯುವುದಿಲ್ಲ. ತಾವು ಒಂದಿಷ್ಟೂ ಬದಲಾಗದೆ ಕಂಡವರನ್ನೆಲ್ಲ ಬದಲಾಯಿಸಲು ನಿಲ್ಲುವವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಅಂಥವರನ್ನು ಕಂಡರೆ ನನಗಾಗದು, ಆದರೆ ಹೊನ್ನವ್ವನ ಮಾತು ಬೇರೆ. ಅವಳು ಸವೆಯುವುದಿಲ್ಲ, ದಣಿಯುತ್ತಾಳೆ. ದುಡಿದು ದುಡಿದು ಮೈಮೇಲೆ ಕರಿ ಕಟ್ಟಿ, ತೂತುಗಳೆಲ್ಲ ಮುಚ್ಚಿಕೊಂಡು, ಹುಳಿ ಹುಳಿಯಾಗಿಯೇ ಹೊರಗೆ ಬರತೊಡಗುತ್ತದೆ. ಆಗ ಅವಳನ್ನು ತವರಿಗೆ ಕಳಿಸಬೇಕು. ಹುಳಿಮನೆಯ ಗೂಳಪ್ಪ ಮೇಸ್ತ್ರಿ ಒಮ್ಮೆ ಜಾಣತನ ಮಾಡಿ, ತವರೂ ಬೇಡ ಎಂಥದೂ ಬೇಡ ಎಂದು ಕುಲುಮೆಯಲ್ಲೇ ಸುಟ್ಟು ನೋಡಿದ್ದನಂತೆ. ಕರಿಯೇನೋ ಹೋಯಿತು. ಹೊನ್ನವ್ವ ಮಾತ್ರ ಮುನಿಸಿಕೊಂಡು ಕುಳಿತಳು, ಒಂದು ಎಳೆಯನ್ನೂ ಕೊಡಲಿಲ್ಲ.

ಹೊನ್ನವ್ವನ ತವರು ನಮ್ಮ ಮನೆ. ನಮ್ಮ ಮನೆ ಎಂದರೆ ನಾನು, ಕಸ್ತೂರಿ, ಸೊಸೆಯಾಗಿ ಬಂದ ಮನೆ, ನನ್ನತ್ತೆ ಫಕೀರವ್ವನ ಮನೆ. ಒಲೆಯ ಪಕ್ಕದ ಗೂಡಿನಲ್ಲಿ ಬಿಸಿಬೂದಿ ಹಾಸಿ ಕಲ್ಲನ್ನು ಕೂರಿಸಬೇಕು, ಬೂದಿ ಆರಲು ಬಿಡಬಾರದು, ಗಾಳಿ ಆಡಬೇಕು, ಬಾಯಿತುಂಬ ಮಾತಾಡಿಸಬೇಕು. ಕಲ್ಲು ಬಂದ ದಿನ ಒಲೆ ಹಚ್ಚಿದ ಕೈಯೇ ಅದು ಹೋಗುವ ದಿನದವರೆಗೂ ಹಚ್ಚಬೇಕು. ಇಷ್ಟು ಮಾಡಿದರೆ ಕರಿ ಮೆಲ್ಲಗೆ ಬಿಟ್ಟು ಬೂದು ಮೈ ಕಾಣುತ್ತದೆ. ಒಂದೇ ಒಂದು ಕಟ್ಟು ಮೀರಬಾರದು: ಹೊನ್ನವ್ವನಿಗೆ ಉಪ್ಪು ಆಗದು. ಅವಳು ಬಂದಳೆಂದರೆ ನಮ್ಮ ಉಪ್ಪಿನ ಗಡಿಗೆ ಪಕ್ಕದ ಮನೆಯ ದ್ಯಾಮವ್ವನ ಹತ್ತಿರ ಹೋಗುತ್ತದೆ, ನಾವು ತಾಟು ಹಿಡಿದು ಅವಳ ಕಟ್ಟೆಯ ಮೇಲೆ ಕುಳಿತು ಉಣ್ಣುತ್ತೇವೆ. ಕಣ್ಣೀರಲ್ಲೂ ಉಪ್ಪಿದೆಯಲ್ಲ, ಹಾಗಾಗಿ ಮನೆಯಲ್ಲಿ ಅಳುವಂತಿಲ್ಲ. ಓಣಿಯವರು ಈ ಕಟ್ಟಿಗೆ ಹೊಂದಿಕೊಂಡಿದ್ದಾರೆ. ಕಣ್ಣಲ್ಲಿ ನೀರು ತರಿಸುವ ಉಳ್ಳಾಗಡ್ಡಿಯನ್ನು ಕೆರೆಯ ಏರಿಯ ಮೇಲೆ ಹೆಚ್ಚುತ್ತಾರೆ. ಮಗಳನ್ನು ಗಂಡನ ಮನೆಗೆ ಕಳಿಸುವವರು ಹಳ್ಳದ ಸೇತುವೆ ದಾಟಿಸಿ, ಆಚೆ ದಂಡೆಯಲ್ಲಿ ನಿಂತು ಮನಸಾರೆ ಅತ್ತು ಬರುತ್ತಾರೆ. ಜಗಳಗಂಟಿ ಸೊಸೆಯಂದಿರಿಗೂ ಒಳ್ಳೆಯದೇ ಆಯಿತು, ಅತ್ತೆಯ ಬಾಯಿ ಜೋರಾದರೆ ‘ನೋಡ್ರಿ, ನನಗ ಅಳು ಬರಾಕತ್ತೈತಿ’ ಎಂದರೆ ಸಾಕು, ಓಣಿಯೇ ಓಡಿಬಂದು ಅತ್ತೆಯ ಬಾಯಿ ಮುಚ್ಚಿಸುತ್ತದೆ.

ಆ ವರ್ಷ ಹೊನ್ನವ್ವನನ್ನು ಹೆಗಲ ಮೇಲೆ ಹೊತ್ತು ತಂದವನು ನನ್ನ ಗಂಡ ಸೋಮಲಿಂಗನೇ. ಹುಳಿಮನೆಯಲ್ಲಿ ತೊಟ್ಟಿ ಕದಡುವ ಕೆಲಸ ಅವನದು. ಮೈಯೆಲ್ಲ ಹುಳಿವಾಸನೆ. ಮದುವೆಯಾದ ಹೊಸತರಲ್ಲಿ ನಾನು ಮುಖ ತಿರುಗಿಸುತ್ತಿದ್ದೆ, ಆಮೇಲಾಮೇಲೆ ಆ ವಾಸನೆ ಇಲ್ಲದಿದ್ದರೆ ನಿದ್ದೆ ಹತ್ತುತ್ತಿರಲಿಲ್ಲ. ಕಲ್ಲನ್ನು ಗೂಡಿನಲ್ಲಿಟ್ಟು, “ಕಸ್ತೂರಿ, ನಿನ್ನ ನಾದಿನಿ ಬಂದಾಳ, ಚಲೋತ್ನಂಗ ನೋಡ್ಕೋ” ಎಂದು ನಕ್ಕ. ಆ ದಿನ ಒಲೆ ಹಚ್ಚಿದ ಕೈ ನನ್ನದು. ಅದಾಗಿ ವಾರ ತುಂಬುವಷ್ಟರಲ್ಲಿ ಅವನಿಗೆ ಜ್ವರ ಬಂತು. ಡಾಕ್ಟರಮ್ಮನ ಮದ್ದೂ ನಾಟಲಿಲ್ಲ, ಅತ್ತೆಯ ಕಷಾಯವೂ ನಾಟಲಿಲ್ಲ. ಹೋಗಿಬಿಟ್ಟ.

ಓಣಿಯವರು ಅವನನ್ನು ಕೂಡಲೇ ಸೇತುವೆ ದಾಟಿಸಿದರು. ಆಚೆ ದಂಡೆಯಲ್ಲಿ ಎಲ್ಲರೂ ಅತ್ತರು, ಗೂಳಪ್ಪ ಮೇಸ್ತ್ರಿಯಂತೂ ಕೂಸಿನ ಹಾಗೆ ಅತ್ತ. ನನಗೆ ಅಳು ಬರಲಿಲ್ಲ. ‘ಅಳವ್ವಾ, ಇಲ್ಲೇ ಅತ್ತು ಬಿಡು’ ಎಂದು ಹೆಂಗಸರು ಬೆನ್ನು ನೇವರಿಸಿದರು. ಅಳು ಏನು ಹೇಳಿದಲ್ಲಿಗೆ ಬರುವ ಆಳೇ? ಅದು ಬಂದದ್ದು ಮನೆಗೆ ಮರಳಿ, ಗೂಟಕ್ಕೆ ತೂಗುಹಾಕಿದ್ದ ಅವನ ಟವೆಲ್ಲಿಗೆ ಮುಖ ತಾಗಿದಾಗ. ಅಲ್ಲಿ ಹುಳಿವಾಸನೆ ಇನ್ನೂ ಇತ್ತು. ಅತ್ತೆ ಹಿಂದಿನಿಂದ ಬಂದು ಟವೆಲ್ಲನ್ನು ಕೈಯಿಂದ ಕಸಿದುಕೊಂಡು, ಸೊಂಟಕ್ಕೆ ಸಿಕ್ಕಿಸಿಕೊಂಡು, “ಕಲ್ಲು ಐತಿ ಮನ್ಯಾಗ” ಎಂದಳು. ನಾನು ಅಳುವನ್ನು ನುಂಗಿದೆ. ನುಂಗಿದ್ದು ಎದೆಯಲ್ಲೇ ಕುಳಿತು ಹುಳಿಯತೊಡಗಿತು.

ದಿನಕರ್ಮಗಳು ಮುಗಿದ ಮೇಲೆ ನನ್ನಣ್ಣ ಅಡಿವೆಪ್ಪ ಗಾಡಿ ಕಟ್ಟಿಕೊಂಡು ಬಂದ. ಅಪ್ಪ ಅವ್ವ ಇಬ್ಬರೂ ಇಲ್ಲದ ನನಗೆ ಅಣ್ಣನೇ ಎಲ್ಲ, ಒಳ್ಳೆಯವನು. ಮಕ್ಕಳೂ ಇಲ್ಲದ, ಇನ್ನೂ ವಯಸ್ಸಿರುವ ತಂಗಿಯನ್ನು ಇಲ್ಲಿ ಯಾರಿಗಾಗಿ ಬಿಡುವುದು ಎಂದು ಅವನ ಮಾತು. ಒಲೆ ಹಚ್ಚಿದ ಕೈ ಬದಲಾಗುವಂತಿಲ್ಲ ಎಂದು ಓಣಿಯವರು ಹೇಳಿದ್ದರಿಂದ, “ಆತು, ಕಲ್ಲು ಹೋದ ದಿನ ಬಂದು ಕರ್ಕೊಂಡು ಹೋಗ್ತೀನಿ” ಎಂದು ಹೊರಟ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನು ಅತ್ತೆಯ ಮುಖ ನೋಡಿದೆ. ಅವಳು ಬಾಯಿಬಿಟ್ಟು ಒಂದು ಮಾತು ‘ಇರಲಿ ಬಿಡಪ್ಪ’ ಎಂದಿದ್ದರೆ ಸಾಕಿತ್ತು. ಅವಳು ಬೂದಿ ಕೆದಕುತ್ತ, “ಹೋಗೋರು ಹೋಗಲೇಬೇಕು” ಎಂದಳು, ಅಷ್ಟೇ. ಮಗನೇ ಇಲ್ಲದ ಮೇಲೆ ಸೊಸೆ ಏಕೆ ಎಂದು ಅವಳಿಗೆ ಅನ್ನಿಸಿರಬೇಕು ಎಂದುಕೊಂಡೆ. ಆ ಮನೆಯ ಬಾಗಿಲು, ಹಿತ್ತಲಿನ ನುಗ್ಗೆ, ನನ್ನ ಮೇಲೆ ಸದಾ ರೇಗುವ ಆ ಮುದುಕಿ, ಇವನ್ನು ಬಿಟ್ಟು ಹೋಗುವುದು ನನಗೆ ಸುತರಾಂ ಬೇಡವಾಗಿತ್ತು. ಆದರೆ ಬೇಡ ಎಂದು ಯಾವ ಬಾಯಿಂದ ಹೇಳಲಿ?

ಹಾಗೆ ಇಬ್ಬರೂ ಒಣಗಣ್ಣು ಇಟ್ಟುಕೊಂಡು ಸಂಸಾರ ಮಾಡಿದೆವು. ಅಳು ಬಾರದಿರಲಿ ಎಂದು ಒಬ್ಬರನ್ನೊಬ್ಬರು ಚೇಷ್ಟೆ ಮಾಡುತ್ತಿದ್ದೆವು. “ನಿಮ್ಮ ಮಗಗ ರೊಟ್ಟಿ ಬಡಿಯಾಕ ಕಲಿಸಿದ್ರ ನನ್ನ ಕೈಯರ ಉಳೀತಿತ್ತು” ಎಂದು ನಾನು. “ನೀ ಬಡಿದ ರೊಟ್ಟಿ ತಿಂದು ಆತನ ಹಲ್ಲು ಗಟ್ಟಿ ಆಗಿದ್ವು, ಅದೊಂದು ಉಪಕಾರ” ಎಂದು ಅವಳು. ಅವನ ಮಾತು ಬಂದು ಅಳು ಬರುವಂತಾದರೆ ಒಬ್ಬರು ನೀರಿಗೆ ಹೋಗುತ್ತಿದ್ದೆವು, ಇನ್ನೊಬ್ಬರು ಕಟ್ಟಿಗೆಗೆ. ಹೊನ್ನವ್ವನನ್ನು ಮಾತಾಡಿಸುವುದನ್ನು ಮಾತ್ರ ಬಿಡಲಿಲ್ಲ. ಸಂತೆಯಲ್ಲಿ ಏನು ನಡೆಯಿತು, ಯಾರ ಎಮ್ಮೆ ಕರು ಹಾಕಿತು, ಎಲ್ಲವನ್ನೂ ಅವಳಿಗೆ ವರದಿ ಒಪ್ಪಿಸುತ್ತಿದ್ದೆವು.

ಇಷ್ಟಾದರೂ ಕರಿ ಬಿಡಲಿಲ್ಲ. ಗೂಳಪ್ಪ ಮೇಸ್ತ್ರಿ ಆಗಾಗ ಒಂದು ಗಿಂಡಿಯಲ್ಲಿ ಕುದಿಯುವ ಹುಳಿ ತಂದು, ಕಲ್ಲಿನ ಮೇಲೆ ಒಂದು ಹನಿ ಬಿಟ್ಟು, ಬೆರಳಿಂದ ಮುಟ್ಟಿ ಎಳೆದು ನೋಡುತ್ತಿದ್ದ. ಬೆಲ್ಲದ ಪಾಕ ಹದಕ್ಕೆ ಬಂದಾಗ ಬರುವಂತೆ ಎಳೆ ಬರಬೇಕು. ಬರುತ್ತಿರಲಿಲ್ಲ. ಹನಿ ಹನಿಯಾಗಿಯೇ ಬೆರಳಿಂದ ಜಾರುತ್ತಿತ್ತು. “ಈ ಸಲ ಭಾಳ ದಣಿದಾಳ ನೋಡ್ರಿ” ಎಂದು ತಲೆ ಕೆರೆದುಕೊಂಡು ಹೋಗುತ್ತಿದ್ದ. ಅವನು ಹೋದಾಗಲೆಲ್ಲ ಅತ್ತೆ ಅಣ್ಣನಿಗೆ ಹೇಳಿಕಳಿಸುತ್ತಿದ್ದಳು, ‘ಗಾಡಿ ಈಗ ಬ್ಯಾಡ.’ ನನಗೆ ಒಳಗೊಳಗೇ ಸಮಾಧಾನ. ಆದರೆ ಆ ಸಮಾಧಾನದ ಬೆನ್ನಿಗೇ ಅಂಜಿಕೆ. ಹುಳಿಮನೆಯಲ್ಲಿ ನೂಲಿನ ಉಂಡೆಗಳು ಕರಗುತ್ತಿದ್ದವು, ನೂಲು ಕೊಡುವ ಕಲ್ಲು ಇವಳೊಬ್ಬಳೇ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಗೇಣುದ್ದ ನೂಲಿಗೂ ಕೈ ಬಿಗಿ ಹಿಡಿಯತೊಡಗಿದ್ದಳು.

ಒಂದು ಮಧ್ಯಾಹ್ನ ನಾನು ಬಟ್ಟೆ ಒಗೆಯಲು ಹಳ್ಳಕ್ಕೆ ಹೊರಟವಳು ಸಾಬೂನು ಮರೆತು ಅರ್ಧ ದಾರಿಯಿಂದ ಮರಳಿದೆ. ಹಿತ್ತಲ ಬಾಗಿಲಿಂದ ಒಳಗೆ ಬಂದರೆ, ಅಡುಗೆಮನೆಯಲ್ಲಿ ಅತ್ತೆ ಹೊನ್ನವ್ವನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಮುಖವನ್ನು ಕಲ್ಲಿಗೆ ಒತ್ತಿಕೊಂಡಿದ್ದಳು. ಭುಜ ಅಲುಗುತ್ತಿತ್ತು, ಸದ್ದಿರಲಿಲ್ಲ. ಕಣ್ಣೀರು ಇಳಿದ ಕಡೆಯೆಲ್ಲ ಕಲ್ಲು ಕಪ್ಪಗೆ ಮಿಂಚುತ್ತಿತ್ತು. ಸೊಂಟದಲ್ಲಿ ಸೋಮಲಿಂಗನ ಟವೆಲ್ಲು ಹಾಗೇ ಇತ್ತು. ನಾನು ನೋಡಿದೆನೆಂದು ಗೊತ್ತಾದರೂ ಅವಳು ಏಳಲಿಲ್ಲ.

“ಅತ್ತಿ, ಏನು ಮಾಡಾಕತ್ತೀರಿ ಇದು?” ಎಂದೆ.

“ಮೊದಲ್ನೇ ದಿನ ತಡಿಯಾಕ ಆಗಲಿಲ್ಲವ್ವ,” ಎಂದಳು. “ಬೂದಿ ಬದಲ್ಸಾಕಂತ ಎತ್ತಿಕೊಂಡೆ, ಬೆಚ್ಚಗಿತ್ತು. ಸಣ್ಣಾವಿದ್ದಾಗ ಅವನ ತಲಿ ಹಿಂಗಾ ಬೆಚ್ಚಗಿರತಿತ್ತು. ಎರಡು ಹನಿ ಬಿದ್ದುವು. ಅವತ್ತು ಗೂಳಪ್ಪ ಬಂದು ಎಳಿ ಬರಲಿಲ್ಲ, ಇನ್ನಷ್ಟು ದಿನ ಇರಲಿ ಅಂದ. ನಿಮ್ಮಣ್ಣ ಗಾಡಿ ತರೋದು ನಿಂತಿತು.” ಕಲ್ಲನ್ನು ಸವರುತ್ತ, “ಆಮ್ಯಾಲ ಬೇಕಂತನಾ ಕಣ್ಣೀರು ಹಾಕಿದೆ. ಇದು ಇಲ್ಲಿರೋ ತನಕ ನೀ ಇಲ್ಲಿರ್ತಿ” ಎಂದಳು.

ಹೋಗೋರು ಹೋಗಲೇಬೇಕು ಎಂದ ಆ ಬಾಯಿಯನ್ನು ಹಿಡಿದು ಜಾಡಿಸಬೇಕು ಅನ್ನಿಸಿತು, ಅಪ್ಪಿಕೊಳ್ಳಬೇಕು ಅನ್ನಿಸಿತು. ನನ್ನನ್ನು ಬೇಡವೆಂದುಕೊಂಡಿದ್ದಾಳೆಂದು ನಾನು ಎಷ್ಟು ಸಂಕಟಪಟ್ಟಿದ್ದೆ! ಒಂದು ಮಾತಿನಲ್ಲಿ ಮುಗಿಯಬೇಕಾದದ್ದನ್ನು ಈ ಮುದುಕಿ ಊರಿನ ನೂಲನ್ನೇ ನಿಲ್ಲಿಸಿ ಹೇಳಿದ್ದಳು. ಕಲ್ಲನ್ನು ಅವಳ ತೊಡೆಯಿಂದ ತೆಗೆದುಕೊಂಡು, ಸೆರಗಿನಿಂದ ಒರೆಸಿ ಬೂದಿಯಲ್ಲಿಟ್ಟೆ. ಆಮೇಲೆ ಅವಳ ಕಣ್ಣನ್ನೂ ಒರೆಸಿದೆ. ನಾವಿಬ್ಬರೂ ಏನು ಮಾಡುತ್ತಿದ್ದೆವೋ ಗೊತ್ತಿಲ್ಲ, ಬಹುಶಃ ಬಾಯಿ ಮುಚ್ಚಿಕೊಂಡು ಇನ್ನಷ್ಟು ದಿನ ದೂಡುತ್ತಿದ್ದೆವು. ಆದರೆ ಅಷ್ಟರಲ್ಲಿ ಹೊರಗೆ ದ್ಯಾಮವ್ವನ ದನಿ ಕೇಳಿಸಿತು.

ದ್ಯಾಮವ್ವನ ಹಿಂದೆ ಗೂಳಪ್ಪ ಮೇಸ್ತ್ರಿಯೂ ಇದ್ದ. ದ್ಯಾಮವ್ವನ ಮಗಳು ಪಾರಿ ಚೊಚ್ಚಲ ಹೆರಿಗೆಗೆ ಬಂದಿದ್ದಳು, ದಿನ ತುಂಬಿತ್ತು. ಕೂಸು ಅಡ್ಡ ತಿರುಗಿದೆ, ಹೊಟ್ಟೆ ಕೊಯ್ದೇ ತೆಗೆಯಬೇಕು, ಹೊಲಿಯಲು ನೂಲಿಲ್ಲ, ನಾಲ್ಕೈದು ದಿನದೊಳಗೆ ಎಲ್ಲಿಂದಾದರೂ ತನ್ನಿ ಎಂದು ಡಾಕ್ಟರಮ್ಮ ಹೇಳಿದ್ದಳಂತೆ. ದ್ಯಾಮವ್ವ ಹೊಸಿಲಲ್ಲೇ ಕುಸಿದು, “ಫಕೀರವ್ವಾ, ನಿನ್ನ ಕಲ್ಲಿಗೆ ಏನಾಗೈತವ್ವ? ಯಾರ ಕಣ್ಣು ಬಿತ್ತು?” ಎಂದಳು.

“ನಾ ಅತ್ತದ್ದು. ನನ್ನ ಕಣ್ಣೀರು ಬಿತ್ತು,” ಎಂದು ನಾನು ಮುಂದೆ ಬಂದೆ. ಮುದುಕಿಯ ತಲೆಯ ಮೇಲೆ ಓಣಿಯ ಸಿಟ್ಟು ಬೀಳುವುದು ನನಗೆ ಬೇಡವಾಗಿತ್ತು.

ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿದಳು. “ಈಕಿ ಅತ್ತಿದ್ರ ನನಗ ಇಷ್ಟು ಸಂಕಟ ಆಗ್ತಿರಲಿಲ್ಲ ಗೂಳಪ್ಪ. ಈಕಿ ಇನ್ನೂ ಅತ್ತೇ ಇಲ್ಲ. ಅತ್ತಾಕಿ ನಾನು. ಒಂದಿನ ಅಲ್ಲ, ದಿನಾಲು,” ಎಂದು, ಏಕೆ ಎಂಬುದನ್ನೂ ಮುಚ್ಚಿಡದೆ ಹೇಳಿದಳು.

ದ್ಯಾಮವ್ವ ಎದ್ದು ನಿಂತಳು. ನಮ್ಮ ಉಪ್ಪಿನ ಗಡಿಗೆಯನ್ನು ಇಷ್ಟು ವರ್ಷ ಜೋಪಾನ ಮಾಡಿದವಳು ಅವಳು. “ನಿನ್ನ ಸೊಸಿನ್ನ ಹಿಡಿದಿಟ್ಕೊಳ್ಳಾಕ ನನ್ನ ಮಗಳ ಹೊಟ್ಟಿ ಬೇಕಾಗಿತ್ತೇನ ನಿನಗ?” ಎಂದಳು. ಅತ್ತೆ ತಲೆ ತಗ್ಗಿಸಿದಳು. ನಾನು ಗೂಳಪ್ಪನ ಕಡೆ ತಿರುಗಿ, “ಇದಕ್ಕ ಏನರ ಮದ್ದು ಐತೇನು ಮಾವ?” ಎಂದು ಕೇಳಿದೆ.

“ಮಳಿನೀರು,” ಎಂದ ಗೂಳಪ್ಪ. “ಉಪ್ಪು ಕುಡಿದ ಕಲ್ಲಿಗೆ ಮಳಿನೀರು ಕುಡಿಸಬೇಕು. ಬಿಸಿ ನೀರಾಗ ಮುಳುಗಿಸಿ ತಗಿ, ಚೆಲ್ಲು, ಮತ್ತ ಮುಳುಗಿಸು. ನೀರು ನಾಲಿಗಿಗೆ ಸಪ್ಪಗ ಹತ್ತೋತನಕ. ಬಾವಿ ನೀರು ನಡಿಯಂಗಿಲ್ಲ, ಅದರಾಗೂ ಉಪ್ಪಿರತೈತಿ. ಆದ್ರ ಅಷ್ಟು ಮಳಿನೀರು ಈ ಬಿಸಲಾಗ ಎಲ್ಲೈತವ್ವ?”

ಇತ್ತು. ಕೂಸುಗಳ ಮೈಗೆ ಎರೆಯಲೆಂದು, ಮುದುಕರ ಕಣ್ಣು ತೊಳೆಯಲೆಂದು, ಬೇಳೆ ಬೇಗ ಬೇಯಲೆಂದು ನಮ್ಮೂರಿನ ಮನೆಮನೆಯಲ್ಲಿ ಒಂದು ಹರವಿ ಮಳೆನೀರು ಮುಚ್ಚಿಟ್ಟಿರುತ್ತಾರೆ. ನಾನು ಕೊಡ ಹಿಡಿದು ಬಾಗಿಲಿಂದ ಬಾಗಿಲಿಗೆ ಹೋದೆ. ಏಕೆಂದು ಕೇಳಿದವರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಕೆಲವರು ಬೈದರು, ಬೈದು ಕೊಟ್ಟರು. ಕೆಲವರು ಬೈಯದೆ ಕೊಟ್ಟರು, ಅದು ಇನ್ನೂ ಕಷ್ಟವಾಗಿತ್ತು. ಮರಳಿ ಬಂದಾಗ ನಮ್ಮ ಅಂಗಳದಲ್ಲಿ ದೊಡ್ಡ ಹರವಿಯೊಂದು ಮೊದಲೇ ಬಂದು ಕುಳಿತಿತ್ತು. ಪಾರಿಯ ಕೂಸಿಗೆ ಎರೆಯಲೆಂದು ದ್ಯಾಮವ್ವ ಇಟ್ಟುಕೊಂಡಿದ್ದ ನೀರು ಅದು. ಅದನ್ನು ತಂದಿಟ್ಟವಳು ಅತ್ತೆಯ ಕಡೆ ನೋಡದೆ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದಳು.

ಅತ್ತೆ ಮುಳುಗಿಸಿದಳು, ನಾನು ಚೆಲ್ಲಿದೆ. ನಾನು ಮುಳುಗಿಸಿದೆ, ಅತ್ತೆ ಚೆಲ್ಲಿದಳು. ಪ್ರತಿ ಸಲವೂ ಒಂದು ಹನಿ ನಾಲಿಗೆಗೆ ಹಚ್ಚಿ ನೋಡುವುದು ಅವಳ ಕೆಲಸ. ಮೊದಮೊದಲು ಉಪ್ಪು ಎಂದಳು. ಆಮೇಲೆ ತುಸು ಉಪ್ಪು ಎಂದಳು. ಎಷ್ಟು ಅತ್ತಿದ್ದಳೋ ಮಹರಾಯಿತಿ, ಕೊಡಗಳು ಖಾಲಿಯಾಗುತ್ತ ಬಂದರೂ ಅವಳ ಸಂಕಟ ಇಳಿಯಲೊಲ್ಲದು. ಕೈಗಳು ಬೆಂದು ಕೆಂಪಾದವು. ದ್ಯಾಮವ್ವ ನೋಡಿ ನೋಡಿ, “ಸರಿ ಅತ್ತಾಗ, ನಿನ್ನ ನಾಲಿಗಿನಾ ಉಪ್ಪಾಗೈತಿ, ನಾ ನೋಡ್ತೀನಿ” ಎಂದು ತಾನೇ ಒಂದು ಹನಿ ಬಾಯಿಗೆ ಹಾಕಿಕೊಂಡಳು. “ಸಪ್ಪಗೈತಿ” ಎಂದಳು.

ಬಿಸಿಬೂದಿಯಲ್ಲಿಟ್ಟು ಗಾಳಿ ಹಾಕಿದ ಮೇಲೆ ಕರಿ ಬಿಡತೊಡಗಿತು. ಎರಡನೆಯ ದಿನಕ್ಕೆ ಹೊನ್ನವ್ವ ಬೂದು ಮೈ ತೋರಿಸಿದಳು. ಗೂಳಪ್ಪ ಬಂದು ಹುಳಿಯ ಹನಿ ಬಿಟ್ಟು ಬೆರಳಿಂದ ಎಳೆದ. ಎಳೆ ಬಂತು. ಮೊಳದುದ್ದ ಎಳೆದರೂ ಕಡಿಯಲಿಲ್ಲ, ಬೆಳಕಿನಲ್ಲಿ ಹೊಳೆಯಿತು. ದ್ಯಾಮವ್ವ ಎರಡೂ ಕೈಯೆತ್ತಿ ಕಲ್ಲಿಗೆ ಮುಗಿದಳು. ಗೂಳಪ್ಪ, “ನಸಿಕಿನ್ಯಾಗ ಬಂದು ಒಯ್ತೀನಿ, ಸಂಜಿಯೊಳಗ ನೂಲು ಆಸ್ಪತ್ರ್ಯಾಗ ಇರತೈತಿ” ಎಂದ. ಅತ್ತೆ ಯಾರೂ ಹೇಳದೆ ತಾನೇ ಎದ್ದು ಹೋಗಿ, ನನ್ನಣ್ಣನಿಗೆ ಗಾಡಿ ತರಲು ಹೇಳಿಕಳಿಸಿದಳು. ನನ್ನ ಸೀರೆಗಳನ್ನು ತಾನೇ ಮಡಚಿ ಗಂಟು ಕಟ್ಟಿದಳು. ನಾನು ಒಂದು ಮಾತು ಆಡಹೋದರೆ, “ಸಾಕವ್ವ, ಒಮ್ಮೆ ಉಪ್ಪು ಸುರಿದು ಹಿಡಿದಿಟ್ಕೊಂಡಿದ್ದು ಸಾಕು. ನಿನಗ ನಿನ್ನ ಬಾಳೇವು ಐತಿ” ಎಂದು ಬಾಯಿ ಮುಚ್ಚಿಸಿದಳು.

ಬೆಳಿಗ್ಗೆ ಅಂಗಳದಲ್ಲಿ ಓಣಿಯ ಹೆಂಗಸರೆಲ್ಲ ಸೇರಿದರು. ಅಣ್ಣನ ಗಾಡಿ ಬಾಗಿಲ ಮುಂದೆ ನಿಂತಿತ್ತು. ತವರಿಂದ ಹೋಗುವ ಮಗಳಿಗೆ ಮಾಡುವಂತೆ ಅತ್ತೆ ಹೊನ್ನವ್ವನನ್ನು ಹೊಸ ಕುಬಸದ ಬಟ್ಟೆಯಲ್ಲಿಟ್ಟು, ಅಕ್ಕಿ, ಬೆಲ್ಲ, ಒಣಕೊಬ್ಬರಿ ಹಾಕಿ ಉಡಿ ತುಂಬಿದಳು. ಗೂಳಪ್ಪ ಕಲ್ಲನ್ನು ಎತ್ತಿಕೊಂಡ. ಅತ್ತೆ ಮೊರದಲ್ಲಿ ಉಳಿದ ಅಕ್ಕಿಯನ್ನು ಹಿಡಿದು ನನ್ನ ಕಡೆ ತಿರುಗಿ, “ಸೆರಗು ಒಡ್ಡು” ಎಂದಳು.

ಹೆಂಗಸರಲ್ಲಿ ಒಬ್ಬಳು ಮೆಲ್ಲಗೆ, “ಗಂಡಿಲ್ಲದಾಕಿಗೆ ಉಡಿ ತುಂಬತಾರೇನ ಫಕೀರವ್ವ?” ಎಂದಳು.

“ಈ ಕಲ್ಲಿಗೆ ಗಂಡ ಅದಾನೇನ?” ಎಂದಳು ಅತ್ತೆ. “ಕಲ್ಲಿಗೆ ತುಂಬಿದಾಗ ಯಾರೂ ಕೇಳಲಿಲ್ಲ. ದುಡಿಯಾಕ ಹೋಗೋ ಮಗಳಿಗೆ ಉಡಿ ತುಂಬತೀವಿ. ಈಕಿನೂ ಹೊಂಟಾಳ.”

ಎಲ್ಲರಿಗಿಂತ ಮೊದಲು ನಕ್ಕವಳು ದ್ಯಾಮವ್ವ. ಬಂದು ಮೊರದಿಂದ ತಾನೂ ಒಂದು ಹಿಡಿ ಅಕ್ಕಿ ತೆಗೆದು ನನ್ನ ಸೆರಗಿಗೆ ಹಾಕಿದಳು. ಅತ್ತೆ ಬೆಲ್ಲ ಹಾಕಿದಳು, ಕೊಬ್ಬರಿ ಹಾಕಿದಳು. ಕಣ್ಣು ಒಣಗಿಯೇ ಇತ್ತು. “ಹೋಗಿ ಚಂದಾಗಿ ಬಾಳು. ಇದು ನಿನ್ನ ತವರು ಅಂತ ತಿಳ್ಕೋ. ದಣಿವಾದಾಗ ಬಾ,” ಎಂದಳು.

ಅಕ್ಕಿ ತುಂಬಿದ ಸೆರಗು ಭಾರವಾಗಿತ್ತು. ನಾನು ಗಾಡಿಯ ಕಡೆ ಒಂದು ಹೆಜ್ಜೆಯನ್ನೂ ಇಡಲಾಗದೆ ನಿಂತೆ.

“ಈಗಾ ದಣಿವಾಗೈತಿ, ಅವ್ವಾ,” ಎಂದೆ.

ಅಷ್ಟು ಹೇಳಿದ್ದೇ ತಡ, ಇಷ್ಟು ದಿನ ಎದೆಯಲ್ಲಿ ಹುಳಿಯುತ್ತಿದ್ದ ಅಳು ಬಂತು. ತಡೆಯಲಿಲ್ಲ, ತಡೆಯುವ ಮನಸ್ಸೂ ಇರಲಿಲ್ಲ. ಅವ್ವನೂ ದನಿ ತೆಗೆದು ಅತ್ತು ನನ್ನನ್ನು ಅಪ್ಪಿಕೊಂಡಳು, ನಡುವೆ ಸೆರಗಿನ ಅಕ್ಕಿಯೆಲ್ಲ ಚೆಲ್ಲಿತು. “ತಡೀರಿ, ತಡೀರವ್ವ!” ಎಂದು ಕೂಗುತ್ತ ಗೂಳಪ್ಪ ಮೇಸ್ತ್ರಿ ಹೊನ್ನವ್ವನನ್ನು ಎದೆಗೆ ಅವಚಿಕೊಂಡು ಹುಳಿಮನೆಯ ದಾರಿ ಹಿಡಿದು ಓಟ ಕಿತ್ತ. ಅಣ್ಣ ಸ್ವಲ್ಪ ಹೊತ್ತು ನಮ್ಮಿಬ್ಬರನ್ನು ನೋಡುತ್ತ ನಿಂತಿದ್ದ. ಆಮೇಲೆ ಗಾಡಿಯಿಂದ ನನ್ನ ಗಂಟನ್ನು ಇಳಿಸಿ ಒಳಗಿಟ್ಟು, ಎತ್ತುಗಳ ಕೊರಳ ಹಗ್ಗ ಬಿಚ್ಚಿ ನೀರು ಕುಡಿಸಲು ಹೊಡೆದುಕೊಂಡು ಹೋದ.